ಬೋಗುಣಿಯಲ್ಲಿ ಎದ್ದ ಗುಳ್ಳೆ



ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ನನ್ನ ಸೈಕಲ್ ಪಂಕ್ಚರ್ ಆಯಿತು. ಅಂಗಡಿಗೆಂದು ದುಡ್ಡು ಕೇಳಿದೆ. ಅಪ್ಪ, “ಬೋಗುಣಿಯಲ್ಲಿ ನೀರು ತಾ” ಎಂದರು. ಗಾಳಿ ತುಂಬಿದ ಟ್ಯೂಬನ್ನು ಇಷ್ಟಿಷ್ಟೇ ಮುಳುಗಿಸುತ್ತ ಹೋದೆ. ಒಂದು ಕಡೆ ಬುಳುಬುಳು ಗುಳ್ಳೆ ಎದ್ದಿತು. ಆ ಜಾಗ ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿದೆ. ತಕ್ಷಣ ತೇಪೆ ಅಂಟಿಸಹೋದಾಗ ಅಪ್ಪ ಕೈ ಹಿಡಿದರು: “ತಡಿ, ಸ್ವಲ್ಪ ಒಣಗಲಿ. ಹಸಿಯಲ್ಲಿ ಅಂಟಿಸಿದ್ದು ನಿಲ್ಲೋದಿಲ್ಲ.” ತೇಪೆಯೂ ಕೊಂಡದ್ದಲ್ಲ, ಹಳೇ ಟ್ಯೂಬಿನ ತುಂಡು.

ಉಳಿದದ್ದು ಒಂದೆರಡು ರೂಪಾಯಿ. ಕಲಿತದ್ದು ದೊಡ್ಡದು: ಎಸೆಯುವ ಮುನ್ನ, ಎಲ್ಲಿ ಕೆಟ್ಟಿದೆ ಎಂದು ಹುಡುಕು. ಅದೇ ಅಪ್ಪ, ದಾರಿಯಲ್ಲಿ ಯಾರದೋ ಸೈಕಲ್ ನಿಂತಿದ್ದರೆ ನಮ್ಮ ಸಲ್ಯೂಷನ್ನನ್ನು ಧಾರಾಳವಾಗಿ ಖಾಲಿ ಮಾಡುತ್ತಿದ್ದರು. ಮಿತವ್ಯಯಕ್ಕೂ ಜಿಪುಣತನಕ್ಕೂ ನಡುವಿನ ಗೆರೆ ಅದು.

ಮಿತವ್ಯಯದ ಈ ಪಾಠ ಹಳೆಯದು. 12ನೇ ಶತಮಾನದ ಕಲ್ಯಾಣದಲ್ಲಿ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಶರಣೆ ಆಯ್ದಕ್ಕಿ ಲಕ್ಕಮ್ಮ ಮರಳಿ ಸುರಿದು ಬರಲು ಹೇಳಿದಳು. ದುಡಿಮೆ ನಮ್ಮದಿರಲಿ, ಬೇಕಾದಷ್ಟೇ ಸಾಕು. ಕಾಯಕದ ತಿರುಳೇ ಇದು.

ಇಂದು ಮನೆಯಲ್ಲಿ ಏನಾದರೂ ಕೆಟ್ಟಿದೆಯೇ? ಅಂಗಡಿಗೆ ಓಡುವ ಮೊದಲು ಮಕ್ಕಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.