ಹರ್ಷಚಿತ್ತದ ಸೇವೆ

(ಶತಮಾನೋತ್ಸವದ ಪೂರ್ವಸಿದ್ಧತೆಯ ಧ್ಯಾನಕೂಟದ ಎರಡನೆಯ ಸಂಜೆ ವಿಚಾರಣಾ ಗುರುಗಳು ನೀಡಿದ ಪ್ರವಚನ)



ನಮ್ಮ ಹಿರಿಯರು ಈ ದೇವಾಲಯವನ್ನು ಕಟ್ಟಿ ನೂರು ವರ್ಷಗಳು ತುಂಬುತ್ತಿರುವ ಈ ಸುಸಂದರ್ಭದಲ್ಲಿ ನಮ್ಮ ಧರ್ಮಕೇಂದ್ರದ ತುಂಬ ಕೆಲಸವೇ ಕೆಲಸ. ಗೋಡೆಗಳಿಗೆ ಸುಣ್ಣಬಣ್ಣ, ಅಂಗಳಕ್ಕೆ ಚಪ್ಪರ, ಗಾನವೃಂದದವರ ಅಭ್ಯಾಸ, ಅಡಿಗೆಯವರೊಡನೆ ಮಾತುಕತೆ. ಇವೆಲ್ಲವನ್ನೂ ಕಂಡು ನಾವು ಸಂತೋಷಪಡುತ್ತಿದ್ದೇವೆ. ಆದರೆ ಕಳೆದ ಕೆಲವು ವಾರಗಳಿಂದ ನಮ್ಮ ಮನಸ್ಸಿಗೆ ಒಂದು ಸಂಗತಿ ನೋವನ್ನುಂಟುಮಾಡಿದೆ. ಕೆಲಸಗಳು ನಡೆಯುತ್ತಿವೆ, ಮುಖಗಳು ಮಾತ್ರ ಗಂಟಿಕ್ಕಿಕೊಂಡಿವೆ. ಶಿಲಾಫಲಕದಲ್ಲಿ ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ ಎಂಬ ಪ್ರಶ್ನೆಯಿಂದ ಸಮಿತಿಯ ಎರಡು ಸಭೆಗಳು ಪ್ರಾರ್ಥನೆಯಿಲ್ಲದೆ ಮುಕ್ತಾಯಗೊಂಡವು. ಆದುದರಿಂದ ಈ ಸಂಜೆ ನಾವು ಸಿದ್ಧಪಡಿಸಿಕೊಂಡಿದ್ದ ಪ್ರವಚನವನ್ನು ಬದಿಗಿರಿಸಿ, ಸಂತೋಷದಿಂದ ಸೇವೆ ಮಾಡುವುದೆಂದರೇನು ಎಂಬುದನ್ನು ಕುರಿತು ನಿಮ್ಮೊಡನೆ ಮಾತನಾಡಬಯಸುತ್ತೇವೆ.

ಸಂತ ಪೌಲರು ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಸಂಗ್ರಹಿಸುತ್ತಿದ್ದ ಕಾಲದಲ್ಲಿ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ, ಒತ್ತಾಯಕ್ಕಾಗಿ ಕೊಡುವವನಿಗಿಂತ ಉಲ್ಲಾಸದಿಂದ ಕೊಡುವವನು ದೇವರಿಗೆ ಪ್ರಿಯನೆಂಬ ಅರ್ಥದಲ್ಲಿ ಬರೆಯುತ್ತಾರೆ. ಅಲ್ಲಿ ಅವರು ಬಳಸಿದ ಗ್ರೀಕ್ ಪದ ‘ಹಿಲಾರೋಸ್’. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಇದೊಂದೇ ಕಡೆ. ಇದರ ಒಡಹುಟ್ಟು ಪದವೊಂದು ರೋಮನರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿದೆ. ದಯೆ ತೋರುವವನು ನಗುಮುಖದಿಂದ ತೋರಲಿ ಎಂಬುದು ಅಲ್ಲಿನ ಅಭಿಪ್ರಾಯ. ಹೊಟ್ಟೆ ಹುಣ್ಣಾಗುವಂತೆ ನಗಿಸುವ ಮಾತಿಗೆ ಇಂಗ್ಲಿಷಿನವರು ಹೇಳುವ ‘ಹಿಲೇರಿಯಸ್’ ಎಂಬ ಶಬ್ದ ಹುಟ್ಟಿದ್ದು ಈ ಮೂಲದಿಂದಲೇ. ಗುರುಮಠದಲ್ಲಿ ಇದನ್ನು ಕಲಿತಾಗ ನಾವು ಹುಡುಗರೆಲ್ಲ ನಕ್ಕೆವು, ಪರೀಕ್ಷೆಯಲ್ಲಿ ಬರೆದೆವು, ಮರೆತೆವು.

ಅದನ್ನು ನಮಗೆ ಮತ್ತೆ ನೆನಪಿಸಿದವರು ಓದುಬರಹ ತಿಳಿಯದ ಒಬ್ಬ ವೃದ್ಧೆ. ಆಗ ನಾವು ಹೊಸದಾಗಿ ದೀಕ್ಷೆ ಪಡೆದ ಸಹಾಯಕ ಗುರು. ತಿಂಗಳ ಮೊದಲ ಶುಕ್ರವಾರ ರೋಗಿಗಳ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುವುದು ನಮ್ಮ ಪಾಲಿನ ಕೆಲಸವಾಗಿತ್ತು. ಒಂದು ಮನೆಗೆ ಐದು ನಿಮಿಷ ಎಂದು ಲೆಕ್ಕ ಹಾಕಿಕೊಂಡು ಸೈಕಲ್ ಏರುತ್ತಿದ್ದೆವು. ಆ ತಾಯಿ ನಸುಕಿನಲ್ಲೇ ಎದ್ದು, ನೆರೆಮನೆಯ ಹುಡುಗಿಯಿಂದ ತಲೆ ಬಾಚಿಸಿಕೊಂಡು, ಒಗೆದ ಸೀರೆಯುಟ್ಟು, ಮೇಣದಬತ್ತಿ ಹಚ್ಚಿಸಿ ಕಾದಿರುತ್ತಿದ್ದರು. ಒಂದು ದಿನ ಪ್ರಾರ್ಥನೆ ಮುಗಿಸಿ ಗಡಿಯಾರ ನೋಡುತ್ತ ಎದ್ದೆವು. ಆಕೆ ಕೋಪವಿಲ್ಲದೆ, ಅನುಕಂಪದಿಂದಲೇ ಕೇಳಿದರು: “ನಮ್ಮ ಮನೆ ಮುಗೀತು, ಇನ್ನೆಷ್ಟು ಮನೆ ಬಾಕಿ ಅವೆ ಸ್ವಾಮಿ?” ನಲವತ್ತು ವರ್ಷಗಳಾದರೂ ಆ ಪ್ರಶ್ನೆ ನಮ್ಮ ಕಿವಿಯಲ್ಲಿದೆ. ನಾವು ಒಯ್ದದ್ದು ಪ್ರಭುವಿನ ದಿವ್ಯ ಶರೀರ. ಒಯ್ದ ರೀತಿ ಮಾತ್ರ ತಪಾಲು ಹಂಚುವವರದು. (ತಪಾಲಿನವರು ಕ್ಷಮಿಸಬೇಕು, ಅವರು ನಮಗಿಂತ ಹೆಚ್ಚು ನಗುತ್ತಾರೆ.)

ನಮ್ಮ ಹಳ್ಳಿಗಳ ಹಿರಿಯರಿಗೆ ಬಿಟ್ಟಿಚಾಕರಿ ಎಂದರೇನೆಂದು ಗೊತ್ತು. ಯಜಮಾನನ ಭಯಕ್ಕೆ ಕೈ ದುಡಿಯುತ್ತದೆ, ಮನಸ್ಸು ಶಪಿಸುತ್ತದೆ. ದೇವರ ಮನೆಯಲ್ಲಿ ಗೊಣಗುತ್ತ ಮಾಡುವ ಕೆಲಸವೂ ಒಂದು ಬಗೆಯ ಬಿಟ್ಟಿಯೇ. ಬೆಥಾನಿಯದ ಮಾರ್ತಳನ್ನು ನೆನೆಯಿರಿ. ಆಕೆ ಅಡಿಗೆ ಮಾಡಿದ್ದಕ್ಕಾಗಿ ಯೇಸುಸ್ವಾಮಿ ಆಕೆಯನ್ನು ತಿದ್ದಲಿಲ್ಲ. ಊಟ ಬೇಡವೆಂದೂ ಹೇಳಲಿಲ್ಲ. ಬಡಿಸುವ ಕೈಯ ಹಿಂದೆ ಕುದಿಯುತ್ತಿದ್ದ ಮನಸ್ಸನ್ನು, ತಂಗಿಯ ಮೇಲೆ ಅತಿಥಿಯ ಬಳಿಯೇ ದೂರು ಹೇಳುವಂತೆ ಮಾಡಿದ ಆ ಕಳವಳವನ್ನು ತಿದ್ದಿದರು.

ಇನ್ನು ಒಬ್ಬ ಸಂತಳ ಜೀವನವನ್ನು ನಿಮ್ಮ ಮುಂದಿಡುತ್ತೇವೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ‘ಬಡವರ ಕಿರಿಯ ಸಹೋದರಿಯರು’ ನಡೆಸುವ ವೃದ್ಧಾಶ್ರಮವನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಆ ಸಭೆಯ ಸ್ಥಾಪಕಿ ಸಂತ ಜಾನ್ ಜುಗಾನ್. 1792ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಕಾಂಕಾಲ್ ಎಂಬ ಬೆಸ್ತರ ಊರಿನಲ್ಲಿ ಹುಟ್ಟಿದವಳು. ತಂದೆ ಸಮುದ್ರಕ್ಕೆ ಹೋದವನು ಹಿಂದಿರುಗಲಿಲ್ಲ. ಮಗಳು ಶ್ರೀಮಂತರ ಅಡಿಗೆಮನೆಯಲ್ಲಿ, ಬಳಿಕ ಆಸ್ಪತ್ರೆಯಲ್ಲಿ ದುಡಿದು ಬದುಕಿದಳು. 1839ರ ಚಳಿಗಾಲದಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ, ದಿಕ್ಕಿಲ್ಲದ ಒಬ್ಬ ಕುರುಡು ಮುದುಕಿಯನ್ನು ಎತ್ತಿಕೊಂಡು ತನ್ನ ಬಾಡಿಗೆ ಮನೆಗೆ ತಂದು, ತನ್ನ ಹಾಸಿಗೆಯ ಮೇಲೆ ಮಲಗಿಸಿ, ತಾನು ಅಟ್ಟದ ಮೇಲೆ ಮಲಗಿದಳು. ಒಬ್ಬಳ ಹಿಂದೆ ಇನ್ನೊಬ್ಬಳು ಬಂದಳು. ಭಿಕ್ಷೆ ಬೇಡಿ ಹೊಟ್ಟೆಹೊರೆಯುತ್ತಿದ್ದ ಆ ಮುದುಕಿಯರನ್ನು ಮನೆಯಲ್ಲಿ ಕುಳ್ಳಿರಿಸಿ, ಬುಟ್ಟಿ ಹಿಡಿದು ಅವರ ಬದಲಿಗೆ ತಾನೇ ಮನೆಮನೆಗೆ ಹೋದಳು. ಒಮ್ಮೆ ಒಬ್ಬಾತ ಸಿಟ್ಟಿನಿಂದ ಕೆನ್ನೆಗೆ ಹೊಡೆದನಂತೆ. ಈ ಏಟು ನನಗಾಯಿತು, ಇನ್ನು ನನ್ನ ಬಡವರಿಗೇನು ಕೊಡುತ್ತೀರಿ ಎಂದು ಆಕೆ ಸಮಾಧಾನದಿಂದ ಕೇಳಿದಳೆಂದು ಹೇಳುತ್ತಾರೆ. 1845ರಲ್ಲಿ ಫ್ರೆಂಚ್ ಅಕಾಡೆಮಿ ಆಕೆಗೆ ಬಹುಮಾನವಿತ್ತು ಗೌರವಿಸಿತು.

ನಾವು ಹೇಳಬೇಕಾದ ಮುಖ್ಯ ವಿಷಯ ಇದರ ನಂತರದ್ದು. ಸಹೋದರಿಯರು ಆಕೆಯನ್ನೇ ಮೇಲಧಿಕಾರಿಣಿಯಾಗಿ ಆರಿಸಿದ್ದರೂ, ಆ ಸಭೆಯ ಮಾರ್ಗದರ್ಶಕರಾಗಿದ್ದ ಒಬ್ಬ ಗುರು 1843ರಲ್ಲೇ ಆಕೆಯನ್ನು ಆ ಸ್ಥಾನದಿಂದ ಇಳಿಸಿದರು. ಕಡೆಗೆ 1852ರಲ್ಲಿ ಹೊರಗಿನ ಕೆಲಸವನ್ನೆಲ್ಲ ಬಿಡಿಸಿ ಮಾತೃಮಠದೊಳಗೆ ಇರಿಸಿದರು. ಸ್ಥಾಪಕ ತಾನೇ ಎಂದು ಸಾರಿಕೊಂಡರು. ಹಾಗೆ ಮಾಡಿದವರು ನಮ್ಮಂತೆ ಬಲಿಪೀಠದ ಮುಂದೆ ನಿಲ್ಲುವ ಗುರು ಎಂದು ಹೇಳಲು ನಮಗೆ ನಾಚಿಕೆಯಾಗುತ್ತದೆ. ಆದರೆ ಮುಚ್ಚಿಡುವುದು ಸರಿಯಲ್ಲ. ಇಪ್ಪತ್ತೇಳು ವರ್ಷಗಳ ಕಾಲ ಆಕೆ ನವಶಿಷ್ಯೆಯರ ನಡುವೆ ‘ಶಿಲುಬೆಯ ಸಿಸ್ಟರ್ ಮೇರಿ’ ಎಂಬ ಮುದುಕಿಯಾಗಿ ಬಾಳಿದಳು. ಆ ಹುಡುಗಿಯರಿಗೆ ಆಕೆಯ ಮೇಲೆ ಎಲ್ಲಿಲ್ಲದ ಪ್ರೀತಿ. ತಮ್ಮ ಸಭೆಯನ್ನು ಕಟ್ಟಿದವಳು ಅವಳೆಂದು ಮಾತ್ರ ತಿಳಿಯದು. 1879ರಲ್ಲಿ ಆಕೆ ಕಣ್ಮುಚ್ಚಿದಾಗ ಸಭೆಯಲ್ಲಿ ಸುಮಾರು 2400 ಸಹೋದರಿಯರಿದ್ದರು. ಸತ್ಯ ಬೆಳಕಿಗೆ ಬಂದದ್ದು ಅನಂತರ. 1982ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಆಕೆಯನ್ನು ಪುನೀತಳೆಂದು ಘೋಷಿಸಿದರು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಸಂತ ಪದವಿಗೇರಿಸಿದರು. ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ಸೇವೆಯಲ್ಲಿ ತಾವೇ ಕುಷ್ಠರೋಗಿಯಾಗಿ ಮಡಿದ ಸ್ವಾಮಿ ದಾಮಿಯೆನರೂ ಅದೇ ದಿನ ಸಂತರಾದರು.

ಆಕೆಯ ಸಂತೋಷ ಅನುಕೂಲದಿಂದ ಬಂದದ್ದಲ್ಲ, ಹೊಗಳಿಕೆಯಿಂದಲಂತೂ ಅಲ್ಲ. ಮುದುಕಿಯರ ಮುಖದಲ್ಲಿ ಆಕೆ ಪ್ರಭುವನ್ನು ಕಂಡಿದ್ದಳು. ಕಂಡವಳಿಗೆ ಹೆಸರಿನ ಗೊಡವೆ ಉಳಿಯಲಿಲ್ಲ. ಇಂದಿಗೂ ಆ ಸಭೆಯವರು ದಾರಿದ್ರ್ಯ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ಆತಿಥ್ಯವೆಂಬ ನಾಲ್ಕನೆಯ ವ್ರತವನ್ನೂ ಕೈಗೊಳ್ಳುತ್ತಾರೆ. ಮದರ್ ತೆರೆಸಾ 1948ರಲ್ಲಿ ಬರಿಗೈಯಲ್ಲಿ ಕಲ್ಕತ್ತೆಗೆ ಹಿಂದಿರುಗಿದಾಗ ತಂಗಲು ಮೊದಲು ಸ್ಥಳ ಸಿಕ್ಕಿದ್ದು ಈ ಸಹೋದರಿಯರ ಆಶ್ರಮದಲ್ಲೇ.

ನಮ್ಮ ಊರಿಗೆ ಬರೋಣ. ನಮ್ಮ ಯುವಕರು ಬೆಂಗಳೂರು, ಗಲ್ಫ್ ಎಂದು ಹೊರಟುಹೋಗಿದ್ದಾರೆ. ಅವರು ಕಳುಹಿಸಿದ ಹಣದಿಂದ ಮನೆಗಳು ದೊಡ್ಡದಾಗಿವೆ. ಒಳಗೆ ತಂದೆತಾಯಿಗಳು ಇಬ್ಬರೇ, ಕೆಲವೆಡೆ ಒಬ್ಬರೇ. ಮಕ್ಕಳನ್ನು ದೂಷಿಸಲು ನಾವು ಸಿದ್ಧರಿಲ್ಲ. ಆದರೆ ಚಪ್ಪರದ ಊಟಕ್ಕೆ ನಡೆದು ಬರಲಾಗದವರಿಗೆ ಎಲೆ ಹಾಕುವವರಾರು ಎಂದು ಯಾವ ಸಭೆಯಲ್ಲೂ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ, ಅದನ್ನು ನಿಮ್ಮೆದುರಿಗೆ ಒಪ್ಪಿಕೊಳ್ಳುತ್ತೇವೆ.

ಶಿಲಾಫಲಕದ ವಿಷಯ ನಾಳೆ ಸಂಜೆ ಮತ್ತೆ ಸಮಿತಿಯ ಮುಂದೆ ಬರಲಿದೆ. ಮೇಲ್ಭಾಗದಲ್ಲಿ ಬರೆದಿರುವ ನಮ್ಮ ಹೆಸರನ್ನು ತೆಗೆದುಹಾಕಬೇಕೆಂದು ಕಲ್ಲುಕುಟಿಗನಿಗೆ ಹೇಳಿಯಾಗಿದೆ. ಉಳಿದವರು ತಮಗೆ ತೋಚಿದಂತೆ ಮಾಡಲಿ. ಮನೆಯಲ್ಲೇ ಉಳಿದಿರುವ ವೃದ್ಧರ, ಹಾಸಿಗೆ ಹಿಡಿದವರ ಹೆಸರುಗಳ ಪಟ್ಟಿಯನ್ನು ಪೂಜಾವಸ್ತ್ರದ ಕೋಣೆಯ ಮೇಜಿನ ಮೇಲಿರಿಸಿದ್ದೇವೆ. ಹಬ್ಬದ ದಿನ ಯಾರ ಮನೆಗೆ ಯಾರು ಊಟ ಒಯ್ದು ಜೊತೆಯಲ್ಲಿ ಕುಳಿತು ಉಣ್ಣುವರೆಂಬುದನ್ನು ಪಕ್ಕದಲ್ಲಿ ಬರೆಯಿರಿ. ಪೆನ್ಸಿಲನ್ನು ದಾರದಿಂದ ಕಟ್ಟಿದೆ. ಮೊದಲನೆಯ ಸಾಲನ್ನು ನಾವು ತುಂಬಿದ್ದೇವೆ; ಅಂದು ಗಡಿಯಾರವನ್ನು ಕೋಣೆಯಲ್ಲೇ ಬಿಟ್ಟುಹೋಗುತ್ತೇವೆ.