ಹಾಸಿಗೆಯ ಬದಿಯ ಸೋನೋಗ್ರಾಫಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆ ಹಿರಿಯರಿಗೆ ನಡುರಾತ್ರಿ ದಮ್ಮು ಹತ್ತಿತೆಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: ಬೆಳಗಾವಿಗೋ, ಮಿರಜಿಗೋ, ಕೊಲ್ಹಾಪುರಕ್ಕೋ? ದೊಡ್ಡ ದವಾಖಾನೆ ಸೇರಿದ ಮೇಲೆ ರೋಗಿಯನ್ನು ಐಸಿಯು ಒಳಗೆ ಒಯ್ಯುತ್ತಾರೆ; ನೀವು ಹೊರಗೆ ಬಾಕಿನ ಮೇಲೆ ಕೂಡುತ್ತೀರಿ. ಅಷ್ಟರಲ್ಲಿ ಒಳಗಿನಿಂದ ಸುದ್ದಿ ಬರುತ್ತದೆ: "ಸೋನೋಗ್ರಾಫಿ ಮಾಡಾಕತ್ತೇವಿ." "ದಮ್ಮಿಗೆ ಸೋನೋಗ್ರಾಫಿ ಯಾಕ್ರಿ ಸಾಹೇಬ್ರ? ಅದು ಬಸುರಿಗೆ ಮಾಡೂದಲ್ಲೇನ್ರಿ?" ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು.

ದಮ್ಮು ಒಂದೇ, ಕಾರಣ ಹಲವು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿರಬಹುದು, ನ್ಯುಮೋನಿಯಾ ಆಗಿರಬಹುದು, ವರ್ಷಾನುಗಟ್ಟಲೆ ಸೇದಿದ ಬೀಡಿಯಿಂದ ಶ್ವಾಸನಾಳಗಳು ಬಿಗಿದಿರಬಹುದು, ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನಲ್ಲಿ ಸೇರಿರಬಹುದು. ಮೇಲುನೋಟಕ್ಕೆ ಎಲ್ಲವೂ ಒಂದೇ ತೆರ. ಚಿಕಿತ್ಸೆ ಮಾತ್ರ ಬೇರೆ. ಮೈಯ ನೀರು ಬತ್ತಿ ರಕ್ತದೊತ್ತಡ ಕುಸಿದವನಿಗೆ ಸಲಾಯಿನ್ ಜೀವ ಕೊಡುತ್ತದೆ; ಹೃದಯ ಸೋತವನಿಗೆ ಅದೇ ಸಲಾಯಿನ್ ಉಸಿರು ಕಟ್ಟಿಸಬಹುದು.

ಕಿವಿಗೆ ಕೇಳಿಸದ ಧ್ವನಿಯನ್ನು ಮೈಯೊಳಗೆ ಕಳಿಸಿ, ಅದರ ಪ್ರತಿಧ್ವನಿಯಿಂದ ಚಿತ್ರ ಬಿಡಿಸುವ ಯಂತ್ರವಿದು. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಇಂಥ ಚಿತ್ರಗಳನ್ನು ವೈದ್ಯಲೋಕದ ಮುಂದಿಟ್ಟರು. ಗಾಳಿ ತುಂಬಿದ ಶ್ವಾಸಕೋಶ ಮಾತ್ರ ಇದಕ್ಕೆ ನಿಲುಕದೆಂಬ ನಂಬಿಕೆ ಬಹುಕಾಲ ಇತ್ತು. ಫ್ರಾನ್ಸಿನ ಡೇನಿಯಲ್ ಲಿಖ್ಟೆನ್‌ಸ್ಟೈನ್ ಅದನ್ನು ಬಿಡದೆ ಶೋಧಿಸಿ, 2008ರಲ್ಲಿ ದಮ್ಮಿನ ಕಾರಣ ಹುಡುಕುವ ಕ್ರಮವೊಂದನ್ನು ಪ್ರಕಟಿಸಿದರು. ಉಸಿರಾಡುವಾಗ ಶ್ವಾಸಕೋಶದ ಹೊರಪದರ ಜಾರುವುದು ಕಂಡರೆ ಆ ಜಾಗದಲ್ಲಿ ಗಾಳಿ ಸೋರಿಲ್ಲ. ಮೇಲಿಂದ ಕೆಳಗೆ ಬೆಳ್ಳನೆಯ ಗೆರೆಗಳು ಒತ್ತಾಗಿ ಇಳಿದರೆ ಶ್ವಾಸಕೋಶ ತೇವಗೊಂಡಿದೆ. ಸುತ್ತ ಕಪ್ಪು ಪಟ್ಟಿ ಕಂಡರೆ ನೀರು ನಿಂತಿರಬಹುದು. ಹೃದಯ ಹೇಗೆ ಹಿಂಡುತ್ತಿದೆ ಎಂಬುದೂ ಅದೇ ಹೊತ್ತಿಗೆ ಕಾಣುತ್ತದೆ.

ಇದಕ್ಕಾಗಿ ರೋಗಿಯನ್ನು ಹಾಸಿಗೆಯಿಂದ ಕದಲಿಸಬೇಕಿಲ್ಲ. ಎಕ್ಸ್‌ರೇ ಕಿರಣದ ಸೋಂಕೂ ಇಲ್ಲ. ಆದ್ದರಿಂದ ಅನೇಕ ಐಸಿಯುಗಳಲ್ಲಿ ರೋಗಿ ಬಂದ ಕೂಡಲೆ ಒಮ್ಮೆ, ಸ್ಥಿತಿ ಬದಲಾದಾಗ ಮತ್ತೊಮ್ಮೆ ನೋಡುವ ರೂಢಿ ಬೆಳೆದಿದೆ. ಬೆಳಿಗ್ಗೆ ಕಂಡ ಗೆರೆಗಳು ಸಂಜೆಗೆ ಕಡಿಮೆಯಾದರೆ ಔಷಧ ಹಿಡಿಯುತ್ತಿದೆ ಎಂದು ತಿಳಿಯಬಹುದು.

ಆದರೆ ಯಂತ್ರ ತಾನೇ ಗುಣಪಡಿಸದು. ನೋಡುವ ಕೈ ಪಳಗಿರಬೇಕು. ದಪ್ಪ ಮೈಯವರಲ್ಲಿ ಚಿತ್ರ ಮಸುಕಾಗುವುದುಂಟು. ಹಳೆಯ ದೋಷವನ್ನು ಇಂದಿನ ರೋಗವೆಂದು ತಿಳಿದರೆ ಚಿಕಿತ್ಸೆ ದಾರಿ ತಪ್ಪುತ್ತದೆ. ಎಲ್ಲರಿಗೂ ದಿನವೂ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ಇಲ್ಲ. ಪ್ರಶ್ನೆ ಇಟ್ಟುಕೊಂಡು ನೋಡಿದಾಗಲೇ ಸ್ಕ್ಯಾನಿಗೆ ಬೆಲೆ.

ಈ ಯಂತ್ರಕ್ಕೆ ಇನ್ನೊಂದು ಮುಖವುಂಟು. ಕಾಗವಾಡಕ್ಕೆ ಸಮೀಪದ ಮ್ಹೈಸಾಳದಲ್ಲಿ 2017ರ ಮಾರ್ಚ್ ತಿಂಗಳಲ್ಲಿ ಹೂತಿಟ್ಟ 19 ಭ್ರೂಣಗಳು ಸಿಕ್ಕಾಗ ಗಡಿಯ ಎರಡೂ ಬದಿಯ ಜನ ತಲೆ ತಗ್ಗಿಸಿದರು. ಹೆಣ್ಣು ಕೂಸನ್ನು ಗುರುತಿಸಿ ಕೊಲ್ಲುವ ಪಾಪವನ್ನು ತಡೆಯಲೆಂದೇ 1994ರ ಕಾಯದೆ ಬಂದಿದೆ. ಐಸಿಯುದ ಚಿಕ್ಕ ಯಂತ್ರವನ್ನೂ ನೋಂದಣಿಯಿಲ್ಲದೆ ಇಡುವಂತಿಲ್ಲ, ಮನಬಂದಲ್ಲಿಗೆ ಒಯ್ಯುವಂತಿಲ್ಲ. ಇದರಿಂದ ಡಾಕ್ಟರರಿಗೆ ಕಾಗದಪತ್ರದ ತೊಡಕು ಹೆಚ್ಚಿತು, ನಿಜ. ಆ ತೊಡಕನ್ನು ತಂದುಕೊಂಡವರು ನಾವೇ.

ಆದ್ದರಿಂದ ನಿಮ್ಮವರು ಐಸಿಯುದಲ್ಲಿದ್ದಾಗ ಸೋನೋಗ್ರಾಫಿ ಎಂದರೆ ಗಾಬರಿಯಾಗಬೇಡಿರಿ. ಅದರಿಂದಲೇ ಗುಣವಾಯಿತೆಂದೂ ತಿಳಿಯಬೇಡಿರಿ. ಡಾಕ್ಟರರು ಹೊರಗೆ ಬಂದಾಗ ಎರಡೇ ಮಾತು ಕೇಳಿರಿ: "ಏನು ಕಂಡಿತ್ರಿ? ಅದರಿಂದ ಚಿಕಿತ್ಸೆಯೊಳಗ ಏನು ಬದಲಾತ್ರಿ?" ರೋಗಿ ಮಾತಾಡಲಾರದ ಹೊತ್ತಿನಲ್ಲಿ ಆತನ ಪರವಾಗಿ ಕೇಳುವ ಹಕ್ಕು ನಿಮ್ಮದು.