ಸೇನೆಗೆ ಹೊರಟ ಹುಡುಗನಿಗೆ ಎಷ್ಟರ ಮೊಬೈಲ್?

(ಸಂಘದ ಕುಟುಂಬ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಲೆಕ್ಕ ಬರೆಯುವವರ ಕೈಗೆ ಮೈಕ್ ಕೊಟ್ಟರೆ ಸಭೆಯಲ್ಲಿ ಎಲ್ಲರಿಗೂ ಒಂದು ಹೆದರಿಕೆ, ಇನ್ನು ಉಳಿತಾಯದ ಪಾಠ ಶುರುವಾಯಿತು ಅಂತ. ಇವತ್ತು ಪಾಠ ಇಲ್ಲ. ಕಳೆದ ಕೂಟದಲ್ಲಿ ಊಟದ ಹೊತ್ತಿಗೆ ಬಂಟ್ವಾಳ ಕಡೆಯ ಒಬ್ಬ ತಮ್ಮ ಪ್ಲೇಟು ಹಿಡ್ಕೊಂಡೇ ಬಂದು ಒಂದು ಪ್ರಶ್ನೆ ಕೇಳಿದರು. ಅದಕ್ಕೆ ಅವತ್ತು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇವತ್ತು ಕೊಡುತ್ತೇವೆ, ಅಷ್ಟೆ.

"ಕಾಕ, ತಮ್ಮನಿಗೆ ಅಗ್ನಿವೀರ್ ಆಯ್ತು. ಬರುವ ತಿಂಗಳು ಟ್ರೈನಿಂಗಿಗೆ ಹೋಗ್ತಾನೆ. ಇಲ್ಲಿಂದ ಒಂದು ಒಳ್ಳೆ ಮೊಬೈಲ್ ಕಳಿಸ್ಬೇಕು. ಯಾವುದು ತೆಗೀಲಿ?"

"ಎಷ್ಟರ ಒಳಗೆ?" ಅಂತ ಕೇಳಿದೆವು.

"ಎರಡೂವರೆ ಸಾವಿರ ದಿರ್ಹಮ್ ಆದ್ರೂ ತೊಂದರೆ ಇಲ್ಲ. ಕಂತಿನಲ್ಲಿ ಕೊಡ್ತಾರಲ್ಲ."

ಆ ತಮ್ಮನ ಸಂಬಳ ಎಷ್ಟು ಅಂತ ನಮಗೆ ಗೊತ್ತುಂಟು. ಆ ಫೋನು ಅಂದರೆ ಅವರ ಎರಡು ತಿಂಗಳ ದುಡಿಮೆ. ಆದರೂ ಅವರು ಕೇಳಿದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ಯಾಕೆಂದರೆ ಅದೇ ಕೆಲಸವನ್ನು 2023ರಲ್ಲಿ ನಾವೂ ಮಾಡಿದ್ದೇವೆ.

ನಮ್ಮ ಕರಾವಳಿಯಲ್ಲಿ ಹುಡುಗ ಮೀಸೆ ಚಿಗುರುವ ಹೊತ್ತಿಗೆ ಪಾಸ್‌ಪೋರ್ಟ್ ಮಾಡಿಸುವುದು ರೂಢಿ. ಪಕ್ಕದ ಕೊಡಗಿನಲ್ಲಿ ಸೈನ್ಯಕ್ಕೆ ಹೋಗುವುದು ಹೇಗೆ ಮನೆಮಾತೋ, ನಮ್ಮಲ್ಲಿ ಗಲ್ಫ್ ಹಾಗೆ. ಹೀಗಿರುವಾಗ ನಮ್ಮ ತಂಗಿಯ ಮಗ ಅಗ್ನಿವೀರ್ ಆದಾಗ ಮನೆಯಲ್ಲಿ ಎಲ್ಲರಿಗೂ ಸಂಭ್ರಮವೇ. ಅವನನ್ನು ಬಸ್ಸಿಗೆ ಹತ್ತಿಸಲು ನಮಗೆ ಊರಿಗೆ ಹೋಗಲಾಗಲಿಲ್ಲ. ವರ್ಷದ ಲೆಕ್ಕ ಮುಗಿಸುವ ಸಮಯ, ರಜೆ ಸಿಗಲಿಲ್ಲ. ಹೋಗಲಾಗದ ನೋವಿಗೆ ಮದ್ದು ಅಂತ ದೇರಾದಲ್ಲಿ 2,400 ದಿರ್ಹಮಿನ ಫೋನು ತೆಗೆದು, ಊರಿಗೆ ಹೊರಟವರ ಕೈಯಲ್ಲಿ ಕಳಿಸಿದೆವು. ಆಗಿನ ಲೆಕ್ಕದಲ್ಲಿ ಐವತ್ತು ಸಾವಿರ ರೂಪಾಯಿ ದಾಟಿತ್ತು. ಇಲ್ಲಿ ಕುಳಿತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮದುವೆಗೆ, ಮುಂಜಿಗೆ, ಮಯ್ಯತ್ತಿಗೆ ತಲುಪಲಾಗದವರು ನಾವು. ನಮ್ಮ ಬದಲಿಗೆ ನಮ್ಮ ಪಾರ್ಸೆಲ್ ಹೋಗುತ್ತದೆ.

ಆ ಫೋನಿನ ಕತೆ ಕೇಳಿ. ಟ್ರೈನಿಂಗ್ ಸೆಂಟರಿಗೆ ಸೇರಿದ ದಿನವೇ ಅದನ್ನು ತೆಗೆದಿಟ್ಟುಕೊಂಡರು. ಅಲ್ಲಿನ ನಿಯಮ ಹಾಗೆ. ಭಾನುವಾರ ಸ್ವಲ್ಪ ಹೊತ್ತು ಕೈಗೆ ಕೊಡುತ್ತಿದ್ದರು, ಮತ್ತೆ ವಾಪಸ್. ಆ ಸ್ವಲ್ಪ ಹೊತ್ತಿನಲ್ಲೂ ಅವನಿಗೆ ಫೋನಿನದ್ದೇ ಚಿಂತೆ. ಗೀರು ಬಿತ್ತಾ, ಯಾರಾದರೂ ಬದಲಾಯಿಸಿದರಾ ಅಂತ. ನಾಲ್ಕನೇ ತಿಂಗಳಲ್ಲಿ ಬಿದ್ದು ಡಿಸ್‌ಪ್ಲೇ ಒಡೆಯಿತು. ಊರಿನ ಸರ್ವಿಸ್ ಸೆಂಟರಿನವರು "ಇದು ದುಬೈ ಪೀಸ್, ಇಲ್ಲಿ ವಾರಂಟಿ ನಡೆಯೋದಿಲ್ಲ" ಅಂದರು. ಇನ್ನೊಂದು ಸಂಗತಿ ಉಂಟು. ಅದನ್ನು ಕೊನೆಗೆ ಹೇಳುತ್ತೇವೆ, ನಿಜವಾಗಿ ಕಲಿತದ್ದು ಅದರಿಂದ.

ಈಗ ಲೆಕ್ಕಕ್ಕೆ ಬರೋಣ. ಅಗ್ನಿಪಥ ಯೋಜನೆ ಬಂದದ್ದು 2022ರ ಜೂನ್‌ನಲ್ಲಿ. ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಪ್ಯಾಕೇಜ್ ಅನ್ನುತ್ತಾರೆ. ಅದರಲ್ಲಿ 9,000 ಸೇವಾ ನಿಧಿಗೆ ಕಡಿತವಾಗಿ ಹುಡುಗನ ಕೈಗೆ ಬರುವುದು 21,000. ನಾಲ್ಕನೇ ವರ್ಷಕ್ಕೆ ಕೈಗೆ ಬರುವುದು 28,000. ಅಪಾಯದ ಜಾಗದಲ್ಲಿ ಡ್ಯೂಟಿ ಬಿದ್ದರೆ ಭತ್ಯೆ ಬೇರೆ. ನಾಲ್ಕು ವರ್ಷ ಮುಗಿದಾಗ ಸರಕಾರದ ಪಾಲೂ ಸೇರಿ ಸೇವಾ ನಿಧಿ 10.04 ಲಕ್ಷ, ಬಡ್ಡಿ ಸೇರಿಸಿದರೆ ಸುಮಾರು 11.71 ಲಕ್ಷ ಅಂತ ಯೋಜನೆಯಲ್ಲಿ ಹೇಳಿದ್ದಾರೆ. ಕಾಯಂ ಆಗುವುದು ನೂರಕ್ಕೆ 25 ಮಂದಿಯವರೆಗೆ. ಅಂದರೆ ಹೆಚ್ಚಿನ ಹುಡುಗರು 22, 24ರ ವಯಸ್ಸಿಗೆ ಮತ್ತೆ ಮನೆಗೆ ಬಂದು ಹೊಸ ದಾರಿ ಹುಡುಕಬೇಕು. ಅಂಥ ಹುಡುಗನಿಗೆ ಮೊದಲ ದಿನವೇ ದೊಡ್ಡ ಫೋನಿನ ರುಚಿ ಹತ್ತಿಸುವುದು ಉಪಕಾರವಾ?

ನಮ್ಮ ಕಾಮರ್ಸಿನಲ್ಲಿ ಸವಕಳಿ ಅಂತ ಒಂದು ಲೆಕ್ಕ ಉಂಟು. ಸಾಮಾನಿನ ಬೆಲೆಯನ್ನು ಅದು ಬಾಳುವ ತಿಂಗಳುಗಳಿಂದ ಭಾಗಿಸುವುದು. ಅವನದು 48 ತಿಂಗಳ ಸೇವೆ. 54,000ದ ಫೋನಾದರೆ ತಿಂಗಳಿಗೆ 1,125 ರೂಪಾಯಿ ಸವೆಯುತ್ತದೆ. 11,000ದ್ದಾದರೆ 229 ರೂಪಾಯಿ. ಅದರಲ್ಲಿಯೂ ಮೊದಲ ಕೆಲವು ತಿಂಗಳು ಫೋನು ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಹಾಗಾಗಿ ನಾವು ಒಂದು ಅಳತೆ ಇಟ್ಟುಕೊಂಡಿದ್ದೇವೆ: ಫೋನು, ಚಾರ್ಜರು, ಕವರು, ಗ್ಲಾಸು ಎಲ್ಲ ಸೇರಿ ಹುಡುಗನ ಒಂದು ತಿಂಗಳ ಕೈಸಂಬಳದ ಅರ್ಧ ದಾಟಬಾರದು. ಅಂದರೆ ಹತ್ತೂವರೆ ಸಾವಿರ. ತೀರಾ ಬೇಕಾದರೆ ಹನ್ನೆರಡು. ಅದು ಕಳೆದುಹೋದರೆ ಅವನೇ ಇನ್ನೊಂದು ತೆಗೆಯುವಂತಿರಬೇಕು.

ಆ ದುಡ್ಡಿಗೆ ಏನು ನೋಡಿ ತೆಗೆಯಬೇಕು?

ಮೊದಲನೆಯದು, ಅಪ್‌ಡೇಟ್. ಹುಡುಗರು ಕೇಳುವುದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ. ನೀವು ಕೇಳಬೇಕಾದ್ದು ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಅಂತ. ಅಪ್‌ಡೇಟ್ ನಿಂತ ಫೋನು ಬೀಗ ಹಾಳಾದ ಬಾಗಿಲಿದ್ದ ಹಾಗೆ. ಈಗ ಕಡಿಮೆ ಬೆಲೆಯಲ್ಲೂ ಇದು ಸಿಗುತ್ತದೆ. 2025ರ ಆರಂಭದಲ್ಲಿ ಹತ್ತು ಸಾವಿರದ ಆಸುಪಾಸಿನಲ್ಲಿ ಬಂದ ಸ್ಯಾಮ್‌ಸಂಗ್ ಎಂ06 5ಜಿಗೆ ನಾಲ್ಕು ವರ್ಷದ ಅಪ್‌ಡೇಟ್ ಹೇಳಿದ್ದರು. ಇದನ್ನೇ ತೆಗೆಯಿರಿ ಅಂತ ನಾವು ಹೇಳುವುದಲ್ಲ, ಬೆಲೆಯೂ ಮಾಡೆಲ್ಲೂ ತಿಂಗಳಿಗೊಮ್ಮೆ ಬದಲಾಗುತ್ತದೆ. ನಾಲ್ಕು ವರ್ಷದ ಸೇವೆಗೆ ನಾಲ್ಕು ವರ್ಷದ ಅಪ್‌ಡೇಟ್ ಇರುವ ಫೋನು, ಅಷ್ಟು ನೆನಪಿಟ್ಟುಕೊಳ್ಳಿ.

ಎರಡನೆಯದು, ಕಂಪೆನಿ. ಚೀನಾ ಕಂಪೆನಿಗಳ ಫೋನಿನ ಬಗ್ಗೆ ಸೈನಿಕರಿಗೆ ಎಚ್ಚರಿಕೆ ಕೊಟ್ಟಿರುವ ಸುದ್ದಿ 2023ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಮೊದಲೇ ಬೇರೆ ಕಂಪೆನಿಯದ್ದು ತೆಗೆದರೆ ಮುಂದೆ ಮಾರುವ ಕಷ್ಟ ಇಲ್ಲ. ಕೊರಿಯಾದ ಸ್ಯಾಮ್‌ಸಂಗ್ ಉಂಟು, ನಮ್ಮ ದೇಶದ್ದೇ ಲಾವಾ ಉಂಟು.

ಮೂರನೆಯದು, ಬ್ಯಾಟರಿ. 5,000 ಎಂಎಎಚ್‌ಗಿಂತ ಕಡಿಮೆ ಬೇಡ. ಚಳಿ ಜಾಗಕ್ಕೆ ಪೋಸ್ಟಿಂಗ್ ಬಿದ್ದರೆ ಯಾವ ಕಂಪೆನಿಯ ಬ್ಯಾಟರಿಯೂ ಬೇಗ ಇಳಿಯುತ್ತದೆ. ಇನ್ನೊಂದು ವಿಷಯ, ಬಾಕ್ಸಿನೊಳಗೆ ಚಾರ್ಜರ್ ಉಂಟಾ ನೋಡಿ. ಈಗ ಹಲವು ಫೋನುಗಳ ಜೊತೆ ವೈರು ಮಾತ್ರ ಬರುತ್ತದೆ.

ನಾಲ್ಕನೆಯದು, ಸಿಮ್. ಎರಡು ಸಿಮ್ ಹಾಕುವಂತಿರಲಿ. ಜಮ್ಮು-ಕಾಶ್ಮೀರದಲ್ಲಿ ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅತ್ತ ಪೋಸ್ಟಿಂಗ್ ಆದರೆ ಮೊದಲೇ ತಯಾರಿ ಮಾಡಿಕೊಳ್ಳಬೇಕು. ಬ್ಯಾಂಕಿನ ಓಟಿಪಿ ಬರುವ ನಂಬರಿಗೆ ದೀರ್ಘ ಅವಧಿಯ ರೀಚಾರ್ಜ್ ಹಾಕಿಸಿಯೇ ಕಳಿಸಿ. ಫೋನು ಪೆಟ್ಟಿಗೆಯಲ್ಲಿದ್ದಾಗ 28 ದಿನದ ರೀಚಾರ್ಜ್ ಮುಗಿದರೆ ನೆನಪು ಮಾಡುವವರು ಯಾರು?

ಟ್ರೈನಿಂಗ್ ಮುಗಿಯುವವರೆಗೆ ಒಂದು ಕೀಪ್ಯಾಡ್ ಫೋನೇ ಸಾಕು ಅನ್ನುವ ಯೋಚನೆಯೂ ಒಳ್ಳೆಯದೇ. ಆದರೆ 4ಜಿ ಕೀಪ್ಯಾಡ್ ತೆಗೆಯಿರಿ. ಜಿಯೋಗೆ 2ಜಿ, 3ಜಿ ಇಲ್ಲ. ಹಳೇ ಕೀಪ್ಯಾಡಿಗೆ ಆ ಸಿಮ್ ಹಾಕಿದರೆ ಫೋನು ಆನ್ ಆಗುತ್ತದೆ, ಮಾತು ಬರುವುದಿಲ್ಲ. 2023ರಲ್ಲಿ 999 ರೂಪಾಯಿಗೆ ಬಂದ ಜಿಯೋ ಭಾರತ್ ಫೋನಿಗೆ ಜಿಯೋ ಸಿಮ್ ಮಾತ್ರ ನಡೆಯುತ್ತದೆ, ಅದೂ ಗೊತ್ತಿರಲಿ. ಎಲ್ಲಕ್ಕಿಂತ ಮೊದಲು ಹುಡುಗನಿಗೆ ಬಂದ ಸೇರ್ಪಡೆ ಪತ್ರ ಓದಿ. ಯಾವ ಫೋನು ತರಬಹುದು, ತರಬಾರದು ಅನ್ನುವುದು ಸೆಂಟರಿನಿಂದ ಸೆಂಟರಿಗೆ ಬೇರೆ. ಬೆಳಗಾವಿಗೆ ಹೋದವನ ಮಾತು ಕೇಳಿ ಬೆಂಗಳೂರಿಗೆ ಹೋಗುವವನಿಗೆ ತೆಗೆಯಬೇಡಿ.

ಈಗ ನಮ್ಮ ದುಬೈ ಪ್ರಶ್ನೆ. ಇಲ್ಲಿ ವ್ಯಾಟ್ ನೂರಕ್ಕೆ 5, ಊರಲ್ಲಿ ಮೊಬೈಲಿಗೆ ಜಿಎಸ್‌ಟಿ 18. ಲಾಭವೇ ಅಲ್ವಾ ಅಂತ ಕೇಳುತ್ತೀರಿ. ಹತ್ತು ಸಾವಿರದ ಮೇಲೆ ತೆರಿಗೆಯ ವ್ಯತ್ಯಾಸ 1,300 ರೂಪಾಯಿ. ಕೆಲವು ಕಂಪೆನಿಗಳ ವಾರಂಟಿ ತೆಗೆದ ದೇಶಕ್ಕೆ ಮಾತ್ರ. ಒಮ್ಮೆ ಡಿಸ್‌ಪ್ಲೇ ಹೋದರೆ ಆ 1,300 ಎಲ್ಲಿಗೆ ಸಾಕು ಮಾರ್ರೆ? ಹಣ ಊರಿಗೆ ಕಳಿಸಿ. ಹುಡುಗನೇ ಮಂಗಳೂರಿಗೋ ಪುತ್ತೂರಿಗೋ ಹೋಗಿ ಬಿಲ್ ಸಮೇತ ತೆಗೆದುಕೊಳ್ಳಲಿ. ಬಿಲ್ ಅವನ ಹೆಸರಿನಲ್ಲೇ ಇರಲಿ.

ಸೆಕೆಂಡ್ ಹ್ಯಾಂಡ್ ತೆಗೆಯುವುದಾದರೆ *#06# ಒತ್ತಿ, 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಕೆವೈಎಂ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಆ ನಂಬರ್ ಹಾಕಿ ಊರಿನ ಸಿಮ್ಮಿನಿಂದ 14422ಕ್ಕೆ ಕಳಿಸಿ. ಸಂಚಾರ್ ಸಾಥಿಯಲ್ಲೂ ನೋಡಬಹುದು. ಬ್ಲಾಕ್ ಆದ ಫೋನಾದರೆ ಗೊತ್ತಾಗುತ್ತದೆ. ಕದ್ದ ಫೋನು ಯಾರ ಕೈಯಲ್ಲಿದ್ದರೂ ಕಷ್ಟ. ಸಮವಸ್ತ್ರದವನ ಕೈಯಲ್ಲಿದ್ದರೆ ಕೆಲಸಕ್ಕೇ ಕುತ್ತು.

ಇನ್ನು ಬೆಲೆಗಿಂತ ದೊಡ್ಡ ವಿಷಯ. 2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ಓಟದ ಆಪ್‌ನ ನಕ್ಷೆಯಿಂದ ಬೇರೆ ಬೇರೆ ದೇಶಗಳಲ್ಲಿದ್ದ ಸೇನಾ ನೆಲೆಗಳ ಜಾಗ ಬಯಲಿಗೆ ಬಂತು. ಸೈನಿಕರು ಬೆಳಿಗ್ಗೆ ಓಡಿದ ದಾರಿ ಗೆರೆಯಾಗಿ ಕಂಡದ್ದು, ಅಷ್ಟೆ. 2020ರ ಜುಲೈಯಲ್ಲಿ ನಮ್ಮ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆಪ್‌ಗಳನ್ನು ತೆಗೆಯಲು ತನ್ನವರಿಗೆ ಹೇಳಿತು. ಅಗ್ನಿವೀರನಿಗೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯೂ ಅನ್ವಯಿಸುತ್ತದೆ. ಹೆಣ್ಣಿನ ಹೆಸರಿನ ಖಾತೆಯಿಂದ ಮಾತಿಗೆಳೆದು ಮಾಹಿತಿ ಕೇಳುವ ಬಲೆಗಳ ಸುದ್ದಿ ನೀವೂ ಓದಿದ್ದೀರಿ.

ಇದನ್ನೆಲ್ಲ ಅವನಿಗೆ ಅವನ ಮೇಲಿನವರು ಕಲಿಸುತ್ತಾರೆ. ನಮಗೆ ಕಲಿಸುವವರು ಯಾರು? ಅವನು ಪ್ರೀತಿಯಿಂದ ಉಮ್ಮನಿಗೆ ಒಂದು ಫೋಟೋ ಕಳಿಸುತ್ತಾನೆ. ಉಮ್ಮ ಕುಟುಂಬದ ಗ್ರೂಪಿಗೆ ಹಾಕುತ್ತಾರೆ. ಅಲ್ಲಿಂದ ಅದು ನಮ್ಮ ಸ್ಟೇಟಸ್ಸಿಗೆ ಬರುತ್ತದೆ, "ನಮ್ಮ ಅಳಿಯ, ಇಂಥ ಊರಿನಲ್ಲಿ, ಇಂಥ ಯೂನಿಟ್ಟಿನಲ್ಲಿ" ಅಂತ. ಹೆಮ್ಮೆ ನಮಗೆ, ವಿಚಾರಣೆ ಅವನಿಗೆ. ದಯವಿಟ್ಟು ಬೇಡ. ಇನ್ನೊಂದು ಮಾತು, ವಾಟ್ಸ್‌ಆಪ್ ಕರೆ ಇಲ್ಲಿ ನಡೆಯುವುದಿಲ್ಲ ಅಂತ ನಾವು ಬೋಟಿಮ್‌ನಂಥ ಆಪ್‌ಗಳನ್ನು ಬಳಸುತ್ತೇವೆ. "ಮೋನೆ, ಇದೊಂದು ಹಾಕ್ಕೋ, ಮುಖ ನೋಡ್ಬೇಕು" ಅಂತ ಅವನನ್ನು ಒತ್ತಾಯ ಮಾಡಬೇಡಿ. ಯೂನಿಟ್ಟಿನ ಒಪ್ಪಿಗೆ ಇಲ್ಲದ ಯಾವ ಆಪೂ ಅವನ ಫೋನಿಗೆ ಬೇಡ. ಮಾತಾಡಲೇಬೇಕಾದರೆ ದುಡ್ಡು ಕೊಟ್ಟು ಸಾದಾ ಕರೆ ಮಾಡೋಣ. ನಾವು ವಿದೇಶದಲ್ಲಿರುವುದನ್ನೂ ಅವನು ಅಲ್ಲಿ ಮುಚ್ಚಿಡುವುದು ಬೇಡ. ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಲಿ.

ಕೊನೆಗೆ ಹೇಳುತ್ತೇವೆ ಅಂದ ಸಂಗತಿ.

ಟ್ರೈನಿಂಗಿನ ಎರಡನೇ ತಿಂಗಳಲ್ಲಿ ನಾವು ತಂಗಿಗೆ ಫೋನ್ ಮಾಡಿ, "ಮಗ ಚೆನ್ನಾಗಿ ಮಾತಾಡ್ತಾನಾ?" ಅಂತ ಕೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಮಾತಾಡ್ತಾನೆ. ನನಗೇ ಸರಿಯಾಗಿ ಕೇಳೋದಿಲ್ಲ. ಈ ಮೊಬೈಲಿನ ಸ್ಪೀಕರ್ ಹೋಗಿ ಆರು ತಿಂಗಳಾಯ್ತು. ಊಟ ಆಯ್ತಾ ಅಂತ ಕೇಳ್ತೇನೆ. ಅವನು ಏನೋ ಹೇಳ್ತಾನೆ. ನಾನು ಆಯ್ತು ಮೋನೆ ಅಂತೇನೆ."

ವಾರಕ್ಕೆ ಒಂದು ಸಲ, ಸ್ವಲ್ಪ ಹೊತ್ತು. ಆ ಕಡೆ ಐವತ್ತು ಸಾವಿರದ ಫೋನು, ಈ ಕಡೆ ಸ್ಪೀಕರ್ ಸತ್ತ ಫೋನು. ಎಷ್ಟೋ ಕಂಪೆನಿಗಳ ಲೆಕ್ಕ ತಾಳೆ ನೋಡಿದ ನಮಗೆ ನಮ್ಮ ತಂಗಿಯ ಮನೆಯ ಈ ಒಂದು ಕಂಬಳಿ ಎತ್ತಿ ನೋಡಲು ತೋಚಲಿಲ್ಲ. ಕರೆ ಅಂದ ಮೇಲೆ ಎರಡು ತುದಿ ಇರುತ್ತದೆ. ನಾವು ಒಂದೇ ತುದಿಗೆ ದುಡ್ಡು ಸುರಿದಿದ್ದೆವು.

ಹಾಗಾಗಿ ಬಂಟ್ವಾಳದ ತಮ್ಮನಿಗೆ ನಮ್ಮ ಉತ್ತರ ಇದು. ಎರಡೂವರೆ ಸಾವಿರ ದಿರ್ಹಮ್ ಬೇಡ, ಕಂತೂ ಬೇಡ. ಸಾವಿರ ದಿರ್ಹಮ್ ಒಳಗೆ ಎಲ್ಲ ಮುಗಿಸಿ. ತಮ್ಮನಿಗೆ ಹತ್ತು, ಹನ್ನೊಂದು ಸಾವಿರ ರೂಪಾಯಿಯ ಫೋನು. ಉಮ್ಮನಿಗೆ ಏಳೆಂಟು ಸಾವಿರದ್ದು, ದೊಡ್ಡ ಅಕ್ಷರ, ಗಟ್ಟಿ ಸ್ಪೀಕರ್. ಕೊಡುವ ಮೊದಲು ಅಂಗಡಿಯಲ್ಲೇ ಒಂದು ಕರೆ ಮಾಡಿ, ಕಿವಿಗಿಟ್ಟು ಕೇಳಿಸಿ. ಉಳಿದದ್ದನ್ನು ನಿಮ್ಮ ಸಾಲಕ್ಕೆ ಕಟ್ಟಿ.

ಈಗ ನಮ್ಮ ಅಳಿಯನ ಹತ್ತಿರ ಹನ್ನೊಂದು ಸಾವಿರದ ಫೋನು ಉಂಟು, ಅವನೇ ತನ್ನ ಸಂಬಳದಲ್ಲಿ ತೆಗೆದದ್ದು. ತಂಗಿಗೂ ಹೊಸ ಫೋನು ಬಂದಿದೆ. ಭಾನುವಾರ ಅವನು ಉಮ್ಮನಿಗೆ ಮಾಡುತ್ತಾನೆ, ಉಮ್ಮ ಸಂಜೆ ನಮಗೆ ಹೇಳುತ್ತಾಳೆ. ಎಲ್ಲಿದ್ದಾನೆ ಅಂತ ನಾವು ಕೇಳುವುದಿಲ್ಲ. "ಊಟ ಆಯ್ತಂತಾ?" ಅಂತ ಕೇಳುತ್ತೇವೆ. "ಆಯ್ತಂತೆ, ಚಪಾತಿ ತಿಂದು ಸಾಕಾಯ್ತಂತೆ, ಗಂಜಿ ಬೇಕಂತೆ" ಅನ್ನುತ್ತಾಳೆ. ಇಷ್ಟು ಕೇಳಿದರೆ ನಮಗೆ ವಾರ ಸಾಗುತ್ತದೆ.